ಗದ್ದೆಯ ಓಟವೂ ಎಂಜಿನ್ನಿನ ಬೆಲೆಯೂ

ಕಕ್ಕಬೆಯೆಂದರೆ ಕೆಲವರಿಗೆ ನೆನಪಾಗುವುದು ಜೇನು. ಕೆಲವರಿಗೆ ಪಾಡಿಯ ಇಗ್ಗುತಪ್ಪನ ಸನ್ನಿಧಿ. ಮತ್ತೆ ಕೆಲವರಿಗೆ ನಾಲ್ಕುನಾಡಿನ ಅರಮನೆ, ಅದರ ಬೆನ್ನಿಗೆ ನಿಂತ ತಡಿಯಂಡಮೋಳ್ ಬೆಟ್ಟ. ಕಳೆದ ಫೆಬ್ರುವರಿಯಲ್ಲಿ ನಾನು ಅಲ್ಲಿಗೆ ಹೋದದ್ದು ಇವಾವುದಕ್ಕೂ ಅಲ್ಲ, ಒಂದು ಮೋಟಾರು ಎಂಜಿನ್ನನ್ನು ನೋಡುವುದಕ್ಕೆ. ತರಗತಿಯಲ್ಲಿ ಛಂದಸ್ಸು ಹೇಳುವ ಉಪನ್ಯಾಸಕನಿಗೂ ಎಂಜಿನ್ನಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಿದರೆ ತಪ್ಪಲ್ಲ. ನಂಟು ಬಂದದ್ದು ಶಿಷ್ಯನೊಬ್ಬನ ಮೂಲಕ. ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ಹೋಗುವ ಜೀಪುಗಳ ಸದ್ದಿನಿಂದಲೇ ಅವುಗಳ ಆರೋಗ್ಯವನ್ನು ಹೇಳಬಲ್ಲವನಾಗಿದ್ದ ಆ ಹುಡುಗ ಈಗ ತಂದೆಯೊಡನೆ ಕೆಲವು ಎಕರೆ ಕಾಫಿ ನೋಡಿಕೊಂಡಿದ್ದಾನೆ. ಬೇಸಗೆ ಬಂದಿತೆಂದರೆ ಗದ್ದೆಯಲ್ಲಿ ಕಾರು ಓಡಿಸುತ್ತಾನೆ.

ದಕ್ಷಿಣ ಕೊಡಗಿನಲ್ಲಿ ಭತ್ತದ ಕೊಯ್ಲು ಮುಗಿದು ನೆಲ ಒಣಗಿ ಗಟ್ಟಿಯಾದ ಮೇಲೆ ಅಲ್ಲಲ್ಲಿ ಗದ್ದೆಗಳು ಪಂದ್ಯದ ಅಂಗಳಗಳಾಗುತ್ತವೆ. ಬದುಗಳನ್ನು ತಗ್ಗಿಸಿ, ಸುತ್ತುದಾರಿಯನ್ನು ಗುರುತುಮಾಡಿ, ಗಡಿಯಾರ ಹಿಡಿದು ಕಾರುಗಳನ್ನು ಓಡಿಸುವ ಈ ಆಟಕ್ಕೆ ಆಟೋಕ್ರಾಸ್ ಎಂದು ಹೆಸರು. ಕಾಫಿ ತೋಟಗಳ ನಡುವೆ ರಾಷ್ಟ್ರಮಟ್ಟದ ರ್‍ಯಾಲಿಗಳೂ ನಡೆದಿವೆ. ಅದರಲ್ಲೊಂದಕ್ಕೆ ರೊಬಸ್ಟಾ ಎಂದೇ ಹೆಸರಿಟ್ಟಿದ್ದಾರೆ. ಆದರೆ ಸಣ್ಣ ಹಿಡುವಳಿಯ ಮನೆಯ ಹುಡುಗನಿಗೆ ಎಟುಕುವುದು ಗದ್ದೆಯ ಓಟ. ಅದೂ ಎಟುಕುವುದೆಷ್ಟು ಎಂಬುದೇ ಈ ಲೇಖನದ ವಿಷಯ.

ನಾನು ಹೋದಾಗ ಕಣದಲ್ಲಿ ಕಾಫಿ ಒಣಗುತ್ತಿತ್ತು. ಪಕ್ಕದ ಕೊಟ್ಟಿಗೆಯಲ್ಲಿ, ಹಾಸಿದ ಗೋಣಿಚೀಲದ ಮೇಲೆ, ಹಳೆಯ ಮಾರುತಿ 800ರ ಎಂಜಿನ್ನು ಬಿಚ್ಚಿ ಬಿದ್ದಿತ್ತು. ಮೂರು ಸಿಲಿಂಡರು, 796 ಸಿ.ಸಿ. ಹಿಂದಿನ ಪಂದ್ಯದಲ್ಲಿ ಕನೆಕ್ಟಿಂಗ್ ರಾಡೊಂದು ಮುರಿದು ಬ್ಲಾಕಿನ ಪಕ್ಕೆಯನ್ನೇ ತೂತುಮಾಡಿಕೊಂಡು ಹೊರಗೆ ಬಂದಿತ್ತು. "ಇದಕ್ಕೆ ಇನ್ನು ಔಷಧಿಯಿಲ್ಲ, ಸಾರ್. ಬೇರೆ ಬ್ಲಾಕೇ ಹುಡುಕಬೇಕು" ಎಂದ ಹುಡುಗ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಇನ್ನು ಹುಡುಕುವುದು ಗುಜರಿಯಲ್ಲಿ. ಅವನ ತಂದೆ ಜಗಲಿಯಿಂದಲೇ ನಕ್ಕರು: "ಮೇಷ್ಟ್ರೇ, ನಮ್ಮ ಮೆಣಸು ಬಳ್ಳಿಯಿಂದ ಇಳಿಯುವ ಮೊದಲೇ ಎಂಜಿನ್ನಿಗೆ ಏರಿರುತ್ತದೆ." ನಗೆಯಲ್ಲಿ ನೋವಿರಲಿಲ್ಲವೆಂದು ಹೇಳಲಾರೆ. ಆ ವರ್ಷ ಬಾವಿಯ ಕೆಲಸಕ್ಕೆಂದು ತೆಗೆದಿರಿಸಿದ್ದ ಹಣ ಸಿಲಿಂಡರಿಗೆ ಬೋರ್ ಹೊಡೆಸುವುದಕ್ಕೂ ಹೊಸ ಪಿಸ್ಟನ್ನು, ರಿಂಗುಗಳಿಗೂ ಹೋಗಿತ್ತು.

ಎಂಜಿನ್ನಿಗೆ ಇಷ್ಟು ಹಣವೇಕೆ ಬೇಕು? ಹುಡುಗನೇ ನನಗೆ ಪಾಠ ಹೇಳಿದ. ಈ ಬಾರಿ ಹಿಂದಿನ ಬೆಂಚು ನನ್ನದು. ಎಂಜಿನ್ನು ಮೂಲತಃ ಗಾಳಿಯನ್ನು ಎಳೆದು ಹೊರದೂಡುವ ಯಂತ್ರ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಗಾಳಿ ಎಳೆಯಬೇಕು. ಹಾಗೆ ಎಳೆಯಲು ಸಿಲಿಂಡರು ದೊಡ್ಡದಾಗಬೇಕು, ಇಲ್ಲವೆ ಎಂಜಿನ್ನು ಹೆಚ್ಚು ವೇಗವಾಗಿ ತಿರುಗಬೇಕು. ಗಾತ್ರವನ್ನು ನಿಯಮ ಕಟ್ಟಿಹಾಕಿದಾಗ ಉಳಿಯುವ ಮುಖ್ಯ ದಾರಿ ವೇಗ. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ 100 ಸಲ ಮೇಲೇರಿ ಕೆಳಗಿಳಿಯುತ್ತದೆ. ಅದನ್ನು 9000ಕ್ಕೆ ಏರಿಸಿದರೆ ವೇಗ ಒಂದೂವರೆಯಷ್ಟಾಯಿತು. ಆದರೆ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆದು ಎರಡೂಕಾಲು ಪಾಲಾಗುತ್ತದೆ. ಅದನ್ನು ತಾಳಬೇಕಾದರೆ ಕುಲುಮೆಯಲ್ಲಿ ಬಡಿದು ಮಾಡಿದ ರಾಡು ಬೇಕು, ಹಗುರವಾದ ಪಿಸ್ಟನ್ನು ಬೇಕು, ಕೂದಲೆಳೆಯ ಅಳತೆ ತಪ್ಪದ ಲೇತಿನ ಕೆಲಸ ಬೇಕು. ಅಷ್ಟಾದರೂ ಆಯುಸ್ಸು ಕಡಿಮೆ. ಮನೆಯ ಕಾರಿನ ಎಂಜಿನ್ನು ವರ್ಷಗಟ್ಟಲೆ ಬಾಳುತ್ತದೆ. ಪಂದ್ಯದ ಎಂಜಿನ್ನನ್ನು ಕೆಲವೇ ಓಟಗಳಿಗೊಮ್ಮೆ ಬಿಚ್ಚಬೇಕು. ವೇಗದ ಕೊನೆಯ ಹಿಡಿಯಷ್ಟಕ್ಕೆ ತೆರುವ ಬೆಲೆ ಮೊದಲಿನದೆಲ್ಲಕ್ಕಿಂತ ಹೆಚ್ಚು.

ಈ ಸಂಕಟ ಕಕ್ಕಬೆಗೆ ಮಾತ್ರ ಸೇರಿದುದಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ಮಣ್ಣಿನ ವರ್ತುಲದ ಮೇಲೆ ಓಡುವ ಸ್ಪ್ರಿಂಟ್ ಕಾರುಗಳಿವೆ. ಕ್ಲಚ್ಚಿಲ್ಲ, ಸ್ಟಾರ್ಟರಿಲ್ಲ, ಹಿಂದಿನಿಂದ ಬೇರೊಂದು ಗಾಡಿ ತಳ್ಳಿದರೆ ಮಾತ್ರ ಜೀವ ಬರುತ್ತದೆ. ಅಲ್ಲಿಯ ಮೇಲ್ತರಗತಿಯ ಎಂಜಿನ್ನು 410 ಘನ ಅಂಗುಲದ್ದು, ಎಂದರೆ ಸುಮಾರು 6700 ಸಿ.ಸಿ.; ಸುಮಾರು 900 ಅಶ್ವಶಕ್ತಿ; ಬೆಲೆ ಹತ್ತಾರು ಸಾವಿರ ಡಾಲರು. ಸಾಮಾನ್ಯ ರೈತನ ಮಗನಾಗಲಿ ಗ್ಯಾರೇಜಿನ ಕೆಲಸಗಾರನಾಗಲಿ ಇದನ್ನು ಎಲ್ಲಿಂದ ತಂದಾನು? ಆದುದರಿಂದ ಅವರು 360ರ ವರ್ಗವನ್ನು ಮಾಡಿದರು. ಅದರ ಬೆಲೆಯೂ ಏರತೊಡಗಿದಾಗ 305ರ ವರ್ಗವನ್ನು ಮಾಡಿ, ಒಳಗಿನ ಭಾಗಗಳಿಗೂ ಮಿತಿ ಹಾಕಿ, ಪರೀಕ್ಷಿಸಿ ಮುದ್ರೆಯೊತ್ತಿದರು.

ಇದರಲ್ಲಿ ನಮಗೆ ಹೊಸದೇನೂ ಇಲ್ಲ. ನೆರೆಯ ತುಳುನಾಡಿನ ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗಗಳಿವೆ. ಕೋಣದ ಹಲ್ಲು ನೋಡಿ ಕಿರಿಯದನ್ನು ಕಿರಿಯದರ ಜೊತೆಯಲ್ಲೇ ಓಡಿಸುತ್ತಾರೆ. ಗದ್ದೆಯ ಓಟದಲ್ಲಿಯೂ ಸಿ.ಸಿ. ನೋಡಿ ವರ್ಗ ಮಾಡುತ್ತಾರೆ. ತೊಡಕೆಂದರೆ ಕೋಣದ ಹಲ್ಲು ಬಾಯಿ ತೆರೆದರೆ ಕಾಣುತ್ತದೆ. ಎಂಜಿನ್ನಿನ ಹಲ್ಲು ಒಳಗಿರುತ್ತದೆ.

ನನ್ನ ಶಿಷ್ಯ ಸೋತದ್ದೂ ಹಾಗೆಯೇ. ಅವನ ವರ್ಗದಲ್ಲಿ ಗೆದ್ದ ಕಾರು ಹೊರಗೆ ಅವನದರಂತೆಯೇ ಇತ್ತು, ಸದ್ದು ಬೇರೆಯಾಗಿತ್ತು. ಆಕ್ಷೇಪಿಸಬೇಕಾದರೆ ಶುಲ್ಕ ಕಟ್ಟಬೇಕು. ಎಂಜಿನ್ನು ಬಿಚ್ಚಿಸಿದ ಮೇಲೆ ದೋಷ ಕಾಣದಿದ್ದರೆ ಹಣವೂ ಹೋಯಿತು, ಸ್ನೇಹವೂ ಹೋಯಿತು. ಅವನು ಸುಮ್ಮನಾದ. ಸುಮ್ಮನಾದವನು ಮುಂದಿನ ಪಂದ್ಯದಲ್ಲಿ ಆ ಕಾರಿನ ಬೆನ್ನುಹತ್ತಲು ತನ್ನ ಎಂಜಿನ್ನನ್ನು ತಾಳಲಾರದಷ್ಟು ತಿರುಗಿಸಿದ. ಗೋಣಿಚೀಲದ ಮೇಲೆ ಬಿದ್ದಿದ್ದುದು ಅದರ ಫಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಏನು ಹೆಸರೋ ತಿಳಿಯದು. ಮದುವೆಯ ಚಪ್ಪರದಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ನೆರೆಯವನು ಸಾವಿರ ಎಲೆ ಹಾಕಿಸಿದನೆಂದು ನಾವು ಸಾವಿರದ ನೂರು ಹಾಕಿಸುತ್ತೇವೆ. ಊಟದ ರುಚಿ ಹೆಚ್ಚುವುದಿಲ್ಲ, ಸಾಲ ಮಾತ್ರ ಹೆಚ್ಚುತ್ತದೆ.

ಇದಕ್ಕೆ ಅಮೆರಿಕದವರು ಸೊಗಸಾದೊಂದು ಉಪಾಯ ಕಂಡುಕೊಂಡಿದ್ದರು. 1979ರಲ್ಲಿ ಅಯೋವಾ ರಾಜ್ಯದ ಮಣ್ಣಿನ ವರ್ತುಲಗಳಲ್ಲಿ ಬಡವರಿಗೆಂದೇ ಆರಂಭವಾದ ಮಾಡಿಫೈಡ್ ವರ್ಗದ ಕಾರುಗಳಿಗೆ ಒಂದು ನಿಯಮ ತಂದರು: ಗೆದ್ದವನ ಎಂಜಿನ್ನನ್ನು, ಮೊದಲೇ ಗೊತ್ತುಮಾಡಿದ ಅಲ್ಪ ಬೆಲೆಗೆ, ಸೋತ ಸ್ಪರ್ಧಿ ಕೊಂಡುಕೊಳ್ಳಬಹುದು. ಕೊಡಲೊಲ್ಲೆನೆಂದರೆ ಗೆಲವಿನ ಹಣ ಹೋಯಿತು. ಸಾವಿರಾರು ಡಾಲರು ಸುರಿದು ಕಟ್ಟಿದ ಎಂಜಿನ್ನು ಸಂಜೆಯೊಳಗೆ ಕೆಲವೇ ನೂರು ಡಾಲರಿಗೆ ಪರರ ಪಾಲಾಗುವುದಾದರೆ ಯಾರು ತಾನೆ ಹಣ ಸುರಿದಾರು? ಈ ಸಂಗತಿ ಹೇಳಿದಾಗ ಹುಡುಗನ ತಂದೆ ಸ್ವಲ್ಪ ಹೊತ್ತು ಯೋಚಿಸಿ, "ಒಳ್ಳೆಯ ನಿಯಮ. ಕಳ್ಳನ ಕೈಗೇ ಕಾವಲು ಕೊಟ್ಟ ಹಾಗಾಯಿತು" ಎಂದರು.

ಅಗ್ಗದ ಎಂಜಿನ್ನಿನಿಂದ ಆಟ ಅಗ್ಗವಾಗುವುದಿಲ್ಲವೆ ಎಂದು ಶಂಕಿಸುವವರಿಗೆ ಒಂದು ಉದಾಹರಣೆ ಸಾಕು. ಕೊಯಮತ್ತೂರಿನ ಕರಿವರ್ಧನ್ ಎಂಬವರು ಇದೇ ಮಾರುತಿ 800ರ ಎಂಜಿನ್ನನ್ನು ಬಳಸಿ ಒಬ್ಬರೇ ಕೂರುವ ಪಂದ್ಯದ ಕಾರನ್ನು ನಿರ್ಮಿಸಿದರು; ಅದೇ ಫಾರ್ಮುಲಾ ಮಾರುತಿ. 1995ರಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಓಟದ ಪಥ ಇಂದು ಅವರ ಹೆಸರನ್ನು ಹೊತ್ತಿದೆ. ಆ ಪುಟ್ಟ ಕಾರಿನಲ್ಲಿ ಓಡಿಸಲು ಕಲಿತ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪಂದ್ಯವನ್ನು ಹೊಕ್ಕ ಮೊದಲ ಭಾರತೀಯರಾದರು. ಎಲ್ಲರಿಗೂ ಒಂದೇ ಎಂಜಿನ್ನಿದ್ದಾಗ ಉಳಿಯುವ ವ್ಯತ್ಯಾಸ ಮುಖ್ಯವಾಗಿ ಮನುಷ್ಯನದು.

ಇಲ್ಲಿ ನನ್ನ ಕಸುಬಿನ ಮಾತೊಂದನ್ನು ಆಡಲು ಅಪ್ಪಣೆ ಬೇಡುತ್ತೇನೆ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 23. ಕುಮಾರವ್ಯಾಸನಿಗೂ ಅಷ್ಟೇ, ನಿನ್ನೆ ಬರೆಯಲು ತೊಡಗಿದ ಹುಡುಗನಿಗೂ ಅಷ್ಟೇ. ಹಣ ಕೊಟ್ಟು ಹದಿನೈದನೆಯ ಮಾತ್ರೆಯನ್ನು ಕೊಳ್ಳುವ ಹಾಗಿಲ್ಲ. ಕಟ್ಟು ಸಮವಾಗಿರುವುದರಿಂದಲೇ ಗದುಗಿನ ಕವಿಯ ಎತ್ತರ ನಮಗೆ ಕಾಣುತ್ತದೆ. ಆಟದಲ್ಲಿ ಮಿತಿಯೆಂಬುದು ಬಡವನಿಗೆ ತೋರಿಸುವ ಕರುಣೆಯಲ್ಲ. ಗೆಲವಿಗೆ ಅರ್ಥ ಕೊಡುವ ಕಟ್ಟು.

ಕೊಡಗಿಗೆ ಇದನ್ನು ಹೊರಗಿನವರು ಹೇಳಬೇಕಾದುದೂ ಇಲ್ಲ. ಕೊಡವ ಕುಟುಂಬಗಳ ಹಾಕಿ ಪಂದ್ಯ 1997ರಲ್ಲಿ ಕರಡದಲ್ಲಿ ಆರಂಭವಾದಾಗ ಸೇರಿದ್ದ ತಂಡಗಳು 60. 2024ರಲ್ಲಿ ಕಕ್ಕಬೆಗೆ ಸಮೀಪದ ನಾಪೋಕ್ಲಿನಲ್ಲಿ 360. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದು ಸಾಧ್ಯವಾದದ್ದು ಏಕೆ? ಅಂಗಳಕ್ಕಿಳಿಯಲು ಬೇಕಾದದ್ದು ಒಂದು ಕೋಲು. ಮೋಟಾರು ಪಂದ್ಯ ಎಂದಿಗೂ ಅಷ್ಟು ಅಗ್ಗವಾಗದು, ನಿಜ. ಆದರೆ ಅತಿ ಕಿರಿಯ ವರ್ಗವೊಂದನ್ನಾದರೂ ಬಿಗಿಯಾಗಿ ಕಾಯ್ದು, ಮುದ್ರೆಯೊತ್ತಿ, ಪರೀಕ್ಷೆಯ ವೆಚ್ಚವನ್ನು ಆಕ್ಷೇಪಿಸುವ ಹುಡುಗನ ತಲೆಗೆ ಕಟ್ಟದೆ ನಡೆಸಿದರೆ, ಗದ್ದೆಯ ಒಡೆಯನ ಮಗ ತನ್ನ ಗದ್ದೆಯಲ್ಲೇ ಬರಿಯ ಪ್ರೇಕ್ಷಕನಾಗುವುದು ತಪ್ಪೀತು.

ಹೊರಡುವಾಗ ಕೇಳಿದೆ, "ಮುಂದಿನ ವರ್ಷ ದೊಡ್ಡ ಎಂಜಿನ್ನೇನಪ್ಪ?" ಅವನು ತಂದೆಯ ಕಡೆ ನೋಡಿ, "ಇಲ್ಲ ಸಾರ್. ಮೊದಲು ಬಾವಿ. ಆಮೇಲೆ ಇದೇ 800" ಎಂದ. ತಂದೆ ಏನೂ ಹೇಳದೆ ಎದ್ದುಹೋಗಿ, ಎಂಜಿನ್ನಿನ ಮೇಲೆ ಧೂಳು ಬೀಳದಂತೆ ಇನ್ನೊಂದು ಗೋಣಿಚೀಲವನ್ನು ಹೊದಿಸಿ ಬಂದರು.