ಜನ್ಮಕ್ಕೂ ಬಿಚ್ಚದ ಸ್ಕ್ರೂ

“ಇನ್ನ ಜನ್ಮಕ್ಕೂ ಬಿಚ್ಚಂಗಿಲ್ಲ ನೋಡ್ರಿ ಸರ್” ಎನ್ನುತ್ತಾ ಗ್ಯಾರೇಜಿನ ಹುಡುಗ ಡೋರ್ ಪ್ಯಾಡಿನ ಮೇಲೆ ಗುದ್ದಿ ತೋರಿಸಿದ. ಕೂಡ್ಲಿಗಿ ಕಡೆಯ ಒಂದು ಗ್ಯಾರೇಜು. ಬಾಗಿಲಿನ ತಗ್ಗು ತೆಗೆಸಿ ಬಣ್ಣ ಹೊಡೆಸಲು ನನ್ನ ಹಳೇ ಕಾರು ಬಿಟ್ಟಿದ್ದೆ. ಒಳಗಿನ ಪ್ಯಾಡ್ ಬಿಚ್ಚುವಾಗ ಕ್ಲಿಪ್ಪುಗಳು ಪಟಪಟ ಮುರಿದಿದ್ದವು. ಅವುಗಳ ಜಾಗಕ್ಕೆ ತಗಡಿನಲ್ಲಿ ಹೊಸ ತೂತು ಕೊರೆದು ನಾಲ್ಕು ಸ್ಕ್ರೂ ಬಿಗಿದಿದ್ದ. ಕೊಟ್ಟೂರು ಮುಟ್ಟುವುದರೊಳಗೆ ಬಾಗಿಲು ಕಿರ್ರೆನ್ನತೊಡಗಿತು. ಬೇಸಿಗೆ ಮುಗಿಯುವಷ್ಟರಲ್ಲಿ ಎರಡು ಸ್ಕ್ರೂಗಳ ಸುತ್ತ ಪ್ಲಾಸ್ಟಿಕ್ ಸೀಳು ಬಿಟ್ಟಿತ್ತು.

ಹುಡುಗ ಕೆಲಸಗಳ್ಳನಲ್ಲ. ಗಟ್ಟಿಯಾಗಿ ಹಿಡಿದಷ್ಟೂ ಒಳ್ಳೆಯದು ಎಂಬ ಅವನ ಲೆಕ್ಕ ತಪ್ಪಿತ್ತು, ಅಷ್ಟೆ. ಬಿಸಿಗೆ ಹಿಗ್ಗುವುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆಂದು ನಮ್ಮ ಸೀಮೆಯ ಕಮ್ಮಾರರಿಗೆ ಯಾರೂ ಕಲಿಸಬೇಕಿಲ್ಲ. ಬಂಡಿ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗ ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಟ್ಟಿಗೆಯ ಗಾಲಿಯ ಮೇಲೆ ಕೂರಿಸಿ, ನೀರು ಸುರಿಯುತ್ತಾರೆ. ಐದಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್. 500 ಡಿಗ್ರಿಯಷ್ಟು ಕಾವು ಏರಿದರೆ ಹಳಿ ಮೂರು ಸೆಂಟಿಮೀಟರ್ ಹತ್ತಿರ ಹಿಗ್ಗುತ್ತದೆ. ತಣಿದಾಗ ಕುಗ್ಗಿ, ಅರೆಕಾಲುಗಳನ್ನೆಲ್ಲ ಒಂದೇ ಹಿಡಿಯಲ್ಲಿ ಅಮುಕುತ್ತದೆ. ಅಲ್ಲಿ ಬೇಕಾದದ್ದು ಆ ಬಿಗಿಯೇ.

ಕಾರಿನ ಬಾಗಿಲಿನಲ್ಲಿ ಇದೇ ಹಿಗ್ಗುವಿಕೆ ತಲೆನೋವು. ತಗಡು ಉಕ್ಕಿನದು, ಪ್ಯಾಡ್ ಬಹುಪಾಲು ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್. ಒಂದೇ ಕಾವಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಉದ್ದವಾಗುತ್ತದೆ. ಬೆಳಗಿನ ಜಾವ 25 ಡಿಗ್ರಿ ಇದ್ದದ್ದು ಮಧ್ಯಾಹ್ನ ಸಂತೆ ಬಯಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ 65 ಆಯಿತೆನ್ನಿ. ಒಂದು ಮೀಟರ್ ಉದ್ದದ ಉಕ್ಕು ಅರ್ಧ ಮಿಲಿಮೀಟರ್ ಬೆಳೆದರೆ ಪ್ಯಾಡ್ ಮೂರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ನಾಲ್ಕೂ ಕಡೆ ಸ್ಕ್ರೂ ಬಿಗಿದರೆ ಅದು ಹೋಗುವುದೆಲ್ಲಿಗೆ? ನಡುವೆ ಉಬ್ಬಬೇಕು, ಇಲ್ಲವೇ ತೂತಿನ ಅಂಚಿನಲ್ಲಿ ಸೀಳಬೇಕು. ಪ್ಯಾಡನ್ನು ಬಿಚ್ಚಿ ತಿರುಗಿಸಿ ನೋಡಿ: ಸಾಮಾನ್ಯವಾಗಿ ಒಂದೆರಡು ಕಡೆ ಕ್ಲಿಪ್ ಬಿಗಿಯಾಗಿ ಕೂರುವ ಜಾಗ ಇರುತ್ತದೆ, ಉಳಿದವೆಲ್ಲ ಉದ್ದುದ್ದ ಸೀಳುಗಂಡಿ. ಆ ಒಂದೆರಡು ಜಾಗಗಳು ಪ್ಯಾಡನ್ನು ಕದಲದಂತೆ ಹಿಡಿಯುತ್ತವೆ, ಉಳಿದವು ಅದನ್ನು ಸರಿದಾಡಲು ಬಿಡುತ್ತವೆ.

ಈಗ ಒಂದು ಕ್ಲಿಪ್ಪನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಕಡಲೆಬೀಜಕ್ಕಿಂತ ತುಸು ದೊಡ್ಡದು. ಮೇಲೆ ಅಗಲ ತಲೆ, ಕೆಳಗೆ ಮಧ್ಯ ಸೀಳಿದ ಕಾಲು. ಕಾಲಿನ ತುದಿಯಿಂದ ಹೊಟ್ಟೆಯವರೆಗೆ ಇಳಿಜಾರು ಸಲೀಸು. ಹೊಟ್ಟೆಯಿಂದ ಕತ್ತಿನವರೆಗೆ ಕಡಿದು. ಒಳಗೆ ಹೋಗುವಾಗ ಹೆಬ್ಬೆರಳಿನ ಒತ್ತು ಸಾಕು, ಕಾಲು ಮುದುಡಿ ತೂತು ದಾಟಿ ‘ಟಕ್’ ಎಂದು ಬಿಚ್ಚಿಕೊಳ್ಳುತ್ತದೆ. ಹೊರಗೆಳೆಯಲು ಅದಕ್ಕಿಂತ ಹೆಚ್ಚು ಬಲ ಬೇಕು. ಆ ಮೇಲಿನ ಇಳಿಜಾರನ್ನು ಪೂರ್ತಿ ಅಡ್ಡಕ್ಕೆ ಮಾಡಿಬಿಟ್ಟರೆ ಕ್ಲಿಪ್ ಹೊರಬರುವುದೇ ಇಲ್ಲ. ಬರಲಿ ಎಂದೇ ಓರೆ ಇಟ್ಟಿದ್ದಾರೆ, ಏಕೆಂದರೆ ಪ್ಯಾಡಿನ ಹಿಂದೆ ಗಾಜಿನ ಮೋಟರು, ಲಾಕು, ವೈರು ಇವೆ. ಇವತ್ತಲ್ಲ ನಾಳೆ ಬಿಚ್ಚಲೇಬೇಕು. ಎಳೆಯುವಾಗ ಏನಾದರೂ ಮುರಿಯುವುದಿದ್ದರೆ ಅದು ಅಗ್ಗದ ಕ್ಲಿಪ್ಪೇ ಆಗಲಿ, ದುಬಾರಿ ಪ್ಯಾಡ್ ಬೇಡ ಎಂಬ ಜಾಣತನವೂ ಅದರಲ್ಲಿದೆ.

ಮೈಲಾರ ಜಾತ್ರೆಗೆ ಹೊರಟ ಬಂಡಿಯ ಕಡಾಣಿ ನೆನಪಿಸಿಕೊಳ್ಳಿ. ಗಾಲಿ ಕಳಚದಂತೆ ತಡೆಯುವುದೂ ಅದೇ, ಗಾಲಿ ಬಿಚ್ಚಬೇಕೆಂದಾಗ ಮೊದಲು ಕೈಗೆ ಬರುವುದೂ ಅದೇ. ಅಚ್ಚಿಗೆ ಗಾಲಿಯನ್ನು ಬೆಸುಗೆ ಹಾಕಿಕೊಂಡು ಯಾವ ರೈತನೂ ಜಾತ್ರೆಗೆ ಹೋಗುವುದಿಲ್ಲ.

ಕ್ಲಿಪ್ಪುಗಳೇಕೆ ಹಾಗೆ ಪಟಪಟ ಮುರಿದವು? ಬಹಳಷ್ಟು ಕ್ಲಿಪ್ಪುಗಳು ನೈಲಾನಿನವು, ನೈಲಾನಿಗೆ ನೀರು ಬೇಕು. ಗಾಳಿಯ ತೇವವನ್ನು ಹೀರಿಕೊಂಡು ತನ್ನ ತೂಕದ ಶೇಕಡ 2ರಿಂದ 3ರಷ್ಟು ನೀರನ್ನು ಒಳಗಿಟ್ಟುಕೊಂಡಾಗ ಅದು ಬಾಗುತ್ತದೆ, ಬಳುಕುತ್ತದೆ. ಒಣಗಿದರೆ ಬಿರುಸಾಗುತ್ತದೆ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಒಣ ಬಿಸಿಲಿನಲ್ಲಿ ವರ್ಷಗಟ್ಟಲೆ ಬೆಂದ ಕ್ಲಿಪ್ಪು ಹಪ್ಪಳವಾಗಿರುತ್ತದೆ. ಹಳತಾದಂತೆ ಪ್ಲಾಸ್ಟಿಕ್ಕೇ ಒಳಗೊಳಗೆ ಶಿಥಿಲವಾಗುವುದು ಬೇರೆ. ಅಂಥದ್ದನ್ನು ಉಳಿಸಿ ಮತ್ತೆ ಹಾಕುವ ಜಿಪುಣತನ ಬೇಡ. ಹೊಸ ನೈಲಾನ್ ಕ್ಲಿಪ್ಪನ್ನೂ ಹಾಕುವ ಮುನ್ನ ಬಿಸಿನೀರಿನಲ್ಲಿ ಒಂದಷ್ಟು ಹೊತ್ತು ನೆನೆಸಿಟ್ಟರೆ ಲಾಭವಿದೆ. ಕಡಲೆ ನೆನೆಸಿದಂತೆ ಎಂದು ಮನೆಯವರು ನಗಬಹುದು, ನಗಲಿ.

ಸ್ಕ್ರೂ ಹಾಕಲೇಬೇಕಾದ ಜಾಗಗಳೂ ಇವೆ. ಕೈಹಿಡಿ, ಬಂಪರಿನ ಅಂಚು, ಚಕ್ರದ ಮೇಲಿನ ಲೈನರ್. ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂವಿನ ಮರೆಗಳು ಚೂಪು, ದೂರ ದೂರ. ತಗಡಿನ ಸ್ಕ್ರೂವಿನ ಮರೆ ದಪ್ಪ, ಅದು ಪ್ಲಾಸ್ಟಿಕ್ಕನ್ನು ಕೊರೆಯುವ ಬದಲು ಪಕ್ಕಕ್ಕೆ ತಳ್ಳಿ ಸೀಳುತ್ತದೆ. ಹಳೇ ತೂತಿಗೆ ಅದೇ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಸುತ್ತಿನೊಳಗೆ ಸಣ್ಣಗೆ ಕುಸಿದದ್ದು ಕೈಗೆ ಗೊತ್ತಾಗುತ್ತದೆ, ಹಳೇ ಮರೆ ಸಿಕ್ಕಿತು ಎಂದರ್ಥ. ಅಲ್ಲಿಂದ ಮುಂದಕ್ಕೆ ಬಿಗಿಯಿರಿ. ತಗಡಿಗೆ ಹೊಸ ತೂತಂತೂ ಬೇಡವೇ ಬೇಡ. ಕೊರೆದ ಅಂಚಿನಲ್ಲಿ ಬಣ್ಣವಿಲ್ಲ, ಮೊದಲ ಮಳೆಗೇ ತುಕ್ಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಲಂಕಾರದ ಭಾಗಗಳಿಗೆ. ಭಾರ ಹೊರುವ, ಜೀವ ಕಾಯುವ ಜಾಗದ ಲೆಕ್ಕವೇ ಬೇರೆ. ಅಚ್ಚು ಮುರಿದರೆ ಏನಾಗುತ್ತದೆಂದು 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ರಥ ಉರುಳಿದಾಗ ನೋಡಿದ್ದೇವೆ. ಸೀಟ್ ಬೆಲ್ಟಿನ ಬೋಲ್ಟಿನ ತಲೆ ಮೇಲೆ 8.8, 10.9 ಎಂಬಂಥ ಅಂಕಿ ಇರುತ್ತದೆ, ಉಕ್ಕಿನ ಬಲದ ಗುರುತು ಅದು. ಅದರ ಜಾಗಕ್ಕೆ ಕೈಗೆ ಸಿಕ್ಕ ಬೋಲ್ಟು ಸಲ್ಲದು. ಇನ್ನು ಮುಂಗಾಜಿನ ಪಕ್ಕದ ಕಂಬದ ಹೊದಿಕೆ. ಅದರ ಹಿಂದೆ ಪರದೆ ಏರ್‌ಬ್ಯಾಗ್ ಇದ್ದರೆ ಅಲ್ಲಿನ ಕ್ಲಿಪ್ಪಿಗೆ ಸಣ್ಣ ಬಾಲ ಇರುವುದುಂಟು. ಏರ್‌ಬ್ಯಾಗ್ ಸಿಡಿದಾಗ ಹೊದಿಕೆ ಸ್ವಲ್ಪವೇ ಬಾಯಿ ಬಿಟ್ಟು ದಾರಿ ಕೊಡಬೇಕು, ಮುಖಕ್ಕೆ ಹಾರಬಾರದು. ಆ ಬಾಲದ ಕೆಲಸ ಇಷ್ಟೇ. ಅಲ್ಲಿ ಸ್ಕ್ರೂ ಹೊಡೆದರೆ ಬ್ಯಾಗಿನ ದಾರಿ ಕಟ್ಟುತ್ತದೆ, ಬಟ್ಟೆ ಹರಿದರೂ ಹರಿಯಿತು. ಇಲ್ಲಿಯೂ ‘ಅಡ್ಜಸ್ಟ್’ ಬೇಡ, ಆ ಮಾಡೆಲಿನ ಕ್ಲಿಪ್ಪೇ ತರಿಸಿ.

ಉಳಿದ ಕಡೆಗೆ ಅಂಗಡಿಗೆ ಹೋಗುವಾಗ ಮುರಿದ ಕ್ಲಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ತಗಡಿನ ತೂತು ಎಷ್ಟು ಅಗಲ, ಪ್ಯಾಡಿನ ಗಂಡಿಯಲ್ಲಿ ಕೂರುವ ಕತ್ತು ಎಷ್ಟು ದಪ್ಪ, ತಲೆಗೂ ಹೊಟ್ಟೆಗೂ ನಡುವೆ ಎಷ್ಟು ಅಂತರ, ಮೂರನ್ನೂ ಅಳೆದಿರಬೇಕು. ಕೊನೆಯ ಅಳತೆ ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಪ್ಯಾಡ್ ಸಡಿಲಾಗಿ ಗಡಗಡ ಎನ್ನುತ್ತದೆ, ಕಡಿಮೆಯಾದರೆ ‘ಟಕ್’ ಎನ್ನುವುದೇ ಇಲ್ಲ.

ನಾನು ಹಾಗೇ ಮಾಡಿದೆ. ಹೊಸ ಕ್ಲಿಪ್ಪು ತಂದು, ನೆನೆಸಿ, ಒಂದೊಂದಾಗಿ ಒತ್ತಿದೆ. ಹುಡುಗ ಕೊರೆದ ತೂತುಗಳಿಗೆ ಪ್ರೈಮರ್ ಹಚ್ಚಿ ರಬ್ಬರ್ ಬಿರಡೆ ತುರುಕಿದೆ. ಬಾಗಿಲು ಈಗ ಸುಮ್ಮನಿದೆ. ಪ್ಯಾಡಿನ ಮೇಲೆ ಮಾತ್ರ ಸ್ಕ್ರೂಗಳ ನಾಲ್ಕು ತೂತು ಹಾಗೇ ಉಳಿದಿವೆ. ಹಡಗಲಿಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಗೆಳೆಯ ಅವುಗಳ ಮೇಲೆ ಬೆರಳಾಡಿಸಿ, “ಸ್ಪೀಕರ್ ಏನ್ರಿ ಇದು?” ಎಂದು ಕೇಳಿದ.