ಗೋಪಬಂಧು ದಾಸರ ಲೋಕಸೇವೆಯೂ ರಾಜಕಾರ್ಯವೂ

ಲೋಕಸೇವೆಯಲ್ಲಿ ನಿರತನಾದವನು ಶಾಸನಸಭೆಯನ್ನು ಪ್ರವೇಶಿಸಿದರೆ ಆತನ ಸೇವೆಗೆ ಕುಂದುಂಟಾಗುವುದೋ ಪೂರ್ಣತೆಯುಂಟಾಗುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ಉತ್ಕಲ ದೇಶದ ಗೋಪಬಂಧು ದಾಸರ (೧೮೭೭–೧೯೨೮) ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ಪುರೀ ಜಿಲ್ಲೆಯಲ್ಲಿ ಜನಿಸಿದ ಇವರು ಕಟಕದಲ್ಲಿಯೂ ಕಲ್ಕತ್ತೆಯಲ್ಲಿಯೂ ವ್ಯಾಸಂಗಮಾಡಿ ನ್ಯಾಯವಾದಿಗಳಾದರು. ಆದರೆ ಅವರ ಮನಸ್ಸು ನೆಲಸಿದ್ದು ನೆರೆಯಿಂದ ನೊಂದ ಗ್ರಾಮಗಳಲ್ಲಿ. ರುಗ್ಣನಾದ ಮಗನನ್ನು ಮನೆಯಲ್ಲಿ ಬಿಟ್ಟು ಪ್ರವಾಹಪೀಡಿತರ ಸೇವೆಗೆ ತೆರಳಿದರೆಂದೂ, ಆ ಮಗನು ಉಳಿಯಲಿಲ್ಲವೆಂದೂ ಉತ್ಕಲದಲ್ಲಿ ಪ್ರಸಿದ್ಧಿಯಿದೆ. ೧೯೦೯ರಲ್ಲಿ ಸತ್ಯವಾದಿಯ ಬಕುಲವನದಲ್ಲಿ ಇವರು ಸ್ಥಾಪಿಸಿದ ವಿದ್ಯಾಲಯಕ್ಕೆ ನೀಲಕಂಠ ದಾಸ, ಗೋದಾವರೀಶ ಮಿಶ್ರ, ಕೃಪಾಸಿಂಧು ಮಿಶ್ರ ಮೊದಲಾದ ವಿದ್ವಾಂಸರು ಅಧ್ಯಾಪಕರಾಗಿ ಬಂದರು. ಅಲ್ಲಿ ಭಿನ್ನ ಜಾತಿಗಳ ವಿದ್ಯಾರ್ಥಿಗಳು ಏಕಪಂಕ್ತಿಯಲ್ಲಿ ಭುಜಿಸುತ್ತಿದ್ದುದು ಸಂಪ್ರದಾಯಸ್ಥರ ಕೋಪಕ್ಕೆ ಕಾರಣವಾಯಿತು.

೧೯೧೭ರಲ್ಲಿ ಇವರು ಬಿಹಾರ–ಒರಿಸ್ಸಾ ಪ್ರಾಂತದ ಶಾಸನಸಭೆಯ ಸದಸ್ಯರಾದರು. ಅಲ್ಲಿ ಇವರು ಪ್ರತಿಪಾದಿಸಿದ ವಿಷಯಗಳು ಮುಖ್ಯವಾಗಿ ನಾಲ್ಕು: ಒಡಿಯಾ ಭಾಷೆಯ ಪ್ರದೇಶಗಳ ಏಕೀಕರಣ, ನೆರೆ–ಬರಗಳ ಶಾಶ್ವತ ನಿವಾರಣೆ, ಸುಂಕವಿಲ್ಲದೆ ಉಪ್ಪನ್ನು ತಯಾರಿಸುವ ಹಕ್ಕು, ಸತ್ಯವಾದಿಯ ಮಾದರಿಯ ವಿದ್ಯಾಪ್ರಸಾರ. ಇವುಗಳಲ್ಲಿ ಒಂದಾದರೂ ಗ್ರಂಥಮಾತ್ರದಿಂದ ಹುಟ್ಟಿದುದಲ್ಲ. ಒಂದು ನೆರೆಯಲ್ಲಿ ಅಕ್ಕಿಯನ್ನು ಹಂಚಿ ಹಸಿವನ್ನು ತಣಿಸಬಹುದು. ಮುಂದಿನ ನೆರೆಯನ್ನು ತಡೆಯುವ ಶಕ್ತಿಯು ಸರಕಾರಕ್ಕಲ್ಲದೆ ಸೇವಕನಿಗಿಲ್ಲ. ಆದುದರಿಂದ ಸೇವೆಯೇ ಅವರನ್ನು ಸಭೆಗೆ ಕರೆದೊಯ್ದಿತೆಂದು ತಿಳಿಯತಕ್ಕದ್ದು.

೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾನುಸಾರವಾದ ಪ್ರಾಂತಗಳನ್ನು ಅಂಗೀಕರಿಸಿತು. ಕರ್ಣಾಟಕದಂತೆಯೇ ಉತ್ಕಲಕ್ಕೂ ಪ್ರತ್ಯೇಕ ಪ್ರಾಂತಸಮಿತಿಯು ದೊರೆಯಿತು. ಗೋಪಬಂಧುಗಳೇ ಅದರ ಪ್ರಥಮಾಧ್ಯಕ್ಷರು. ಅಸಹಕಾರದ ನಿಮಿತ್ತ ೧೯೨೨ರಿಂದ ೧೯೨೪ರ ವರೆಗೆ ಇವರು ಹಜಾರೀಬಾಗಿನ ಸೆರೆಯಲ್ಲಿದ್ದರು. ‘ಬಂದಿರ ಆತ್ಮಕಥಾ’ ಎಂಬ ಇವರ ಕೃತಿಯು ಒಡಿಯಾ ಸಾಹಿತ್ಯದಲ್ಲಿ ವಿಶ್ರುತವಾಗಿದೆ.

ಇಲ್ಲಿ ಒಂದು ಆಕ್ಷೇಪವುಂಟು. ೧೯೨೧ರಲ್ಲಿ ರಾಷ್ಟ್ರೀಯ ವಿದ್ಯಾಲಯವಾಗಿ ಮಾರ್ಪಟ್ಟ ಸತ್ಯವಾದಿಯ ಶಾಲೆಯು ಧನಾಭಾವದಿಂದ ೧೯೨೬ರಲ್ಲಿ ಮುಚ್ಚಿತು. ರಾಜಕಾರ್ಯವು ಸೇವೆಯ ಫಲವನ್ನೇ ಕೆಡಿಸಿತಲ್ಲವೇ? ಈ ಹಾನಿಯು ನಿಜ. ಅದನ್ನು ಮುಚ್ಚಿಡುವುದು ಯುಕ್ತವಲ್ಲ. ಆದರೆ ಸಂಸ್ಥೆಯು ಬೇರೆ, ಅದರ ಉದ್ದೇಶವು ಬೇರೆ. ೧೯೧೯ರಲ್ಲಿ ಇವರು ಆರಂಭಿಸಿದ ‘ಸಮಾಜ’ ಪತ್ರಿಕೆಯನ್ನು ಮರಣಶಾಸನದ ಮೂಲಕ ಲಾಲಾ ಲಜಪತರಾಯರ ಲೋಕಸೇವಕ ಮಂಡಲಕ್ಕೆ ಒಪ್ಪಿಸಿದರು. ಅದು ೧೯೩೦ರಲ್ಲಿ ದಿನಪತ್ರಿಕೆಯಾಯಿತು. ಇವರು ಗತಿಸಿದ ಎಂಟು ವರ್ಷಗಳ ಮೇಲೆ, ೧೯೩೬ರ ಏಪ್ರಿಲ್ ೧ರಂದು, ಒರಿಸ್ಸಾ ಪ್ರತ್ಯೇಕ ಪ್ರಾಂತವಾಯಿತು.

ಅಧಿಕಾರವನ್ನು ಫಲವೆಂದು ಬಯಸಿದವನಿಗೆ ಸೇವೆಯು ಸೋಪಾನಮಾತ್ರ. ಸೇವೆಯನ್ನೇ ಫಲವೆಂದು ತಿಳಿದವನಿಗೆ ಅಧಿಕಾರವು ಉಪಕರಣಮಾತ್ರ. ಗೋಪಬಂಧುಗಳು ಎರಡನೆಯ ವರ್ಗಕ್ಕೆ ಸೇರಿದವರೆಂಬುದಕ್ಕೆ ಅವರು ಸಭೆಯಲ್ಲಿ ಎತ್ತಿದ ಆ ನಾಲ್ಕು ವಿಷಯಗಳೇ ಪ್ರಮಾಣ.