ಹಳೆಯ ಕಾರಿಗೆ ತಾಲ್ಲೂಕು ರಸ್ತೆಯೇ ಸರಿ

ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜತನದಿಂದ ಕಾಪಾಡಿಕೊಂಡು ಬಂದವರು ದೂರದ ಪ್ರವಾಸ ಎಂದರೆ ಸಾಮಾನ್ಯವಾಗಿ ನಾಲ್ಕು ಪಥದ ಹೆದ್ದಾರಿಯನ್ನೇ ಹಿಡಿಯುತ್ತಾರೆ. ರಸ್ತೆ ನುಣುಪು, ಗುಂಡಿಯಿಲ್ಲ, ವಯಸ್ಸಾದ ಗಾಡಿಗೆ ಆಯಾಸವಾಗದು ಎಂಬ ಲೆಕ್ಕ. ನನ್ನ ಪ್ರಕಾರ ಈ ಲೆಕ್ಕವೇ ತಲೆಕೆಳಗು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್, ಎದುರಿಗೆ ಲಾರಿ ಬಂದರೆ ಒಂದು ಚಕ್ರವನ್ನು ಮಣ್ಣಿಗಿಳಿಸಬೇಕಿದ್ದ ಕಾಲದ ಗಾಡಿ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಐವತ್ತು ಅರವತ್ತರ ವೇಗದಲ್ಲಿ ದಿನವಿಡೀ ದಣಿಯದೆ ಓಡುತ್ತದೆ. ನೂರರಲ್ಲಿ ಸಾಗುವ ಸಾಲಿನೊಳಗೆ ಅದನ್ನು ನುಗ್ಗಿಸಿದರೆ ರೇಡಿಯೇಟರ್ ನೀರು ಕುದಿಯುತ್ತದೆ. ಡ್ರಮ್ ಬ್ರೇಕಿನ ಗಾಡಿ ನಿಲ್ಲುವುದಕ್ಕೂ ಇಂದಿನ ಕಾರಿಗಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ನಾಡು ಸುತ್ತುವ ಆಸೆಯುಳ್ಳವರು ತಾಲ್ಲೂಕು ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹೋಗುವುದೇ ವಿವೇಕ. ಇದಕ್ಕೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ. ಅಲ್ಲಿಂದ ಶಿರಾಳಕೊಪ್ಪ, ಮುಂದೆ ಸೊರಬ. ಇದು ಅರೆಮಲೆನಾಡು: ಕೆರೆ ಏರಿ, ಅಡಿಕೆ ತೋಟ, ಭತ್ತ, ಮೆಕ್ಕೆಜೋಳ, ಎಂಜಿನ್ನನ್ನು ಹಿಂಡುವ ಘಾಟಿಯಿಲ್ಲ. ಹಳೆಯ ಗಾಡಿಗೆ ಆಗಾಗ ನಿಂತು ಬಿಸಿ ಆರಿಸಿಕೊಳ್ಳುವ ಅಗತ್ಯವಿರುತ್ತದೆ, ಇಲ್ಲಿ ನಿಂತಲ್ಲೆಲ್ಲ ನೋಡುವಂಥದ್ದಿದೆ. 1942ರಲ್ಲಿ ತನ್ನದೇ ಸ್ವತಂತ್ರ ಸರ್ಕಾರ ಘೋಷಿಸಿಕೊಂಡ ಈಸೂರು ಇದೇ ಶಿಕಾರಿಪುರ ತಾಲ್ಲೂಕಿನದು. ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿಗೆ ರಾಜಧಾನಿಯಾಗಿದ್ದ ಊರದು. ತ್ರಿಕೂಟದ ಕೇದಾರೇಶ್ವರ ದೇಗುಲವೂ, ಕಂಬದ ತುದಿಯಲ್ಲಿ ಮನುಷ್ಯದೇಹದ ಗಂಡಭೇರುಂಡವೂ ಅಲ್ಲಿವೆ. ಅಲ್ಲಿಂದ ತುಸು ದೂರದ ತಾಳಗುಂದದ ಸ್ತಂಭಶಾಸನ ಒಂದು ದೂರಪ್ರಯಾಣದ ಕಥೆಯನ್ನೇ ಹೇಳುತ್ತದೆ: ಮಯೂರಶರ್ಮ ತಾತನ ಜೊತೆ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ಶಾಸ್ತ್ರ ಬಿಟ್ಟು ಕತ್ತಿ ಹಿಡಿದದ್ದು. ಕನ್ನಡನಾಡಿನ ಮೊದಲ ರಾಜ್ಯ ಹುಟ್ಟಿದ್ದು ಆ ಪ್ರಯಾಣದಿಂದ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆಯದು. ಸೊರಬದ ಕಡೆಗೆ ಹೊರಳಿದರೆ ಆನವಟ್ಟಿ ಬಳಿ ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಬೆಟ್ಟ, ಗುಡವಿಯ ಹಕ್ಕಿಗಳು. ನೂರರ ವೇಗದಲ್ಲಿ ಹೋಗುವವರಿಗೆ ಇವೆಲ್ಲ ಬರೀ ಬೋರ್ಡುಗಳು.

ದಾರಿಯಲ್ಲಿ ಕೆಟ್ಟು ನಿಂತರೆ ಗತಿಯೇನು ಎಂಬುದು ಮೊದಲ ಆಕ್ಷೇಪ. ಹಳೆಯ ಪೆಟ್ರೋಲ್ ಗಾಡಿ ದಿಢೀರನೆ ನಿಂತಾಗ ಮೊದಲು ನೋಡಬೇಕಾದದ್ದು ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು. ಮುಚ್ಚಳ ತೆಗೆದು, ಸುಟ್ಟು ಕಪ್ಪಾದ ಎರಡು ಪುಟ್ಟ ತುದಿಗಳನ್ನು ಸಣ್ಣ ಉಪ್ಪುಕಾಗದದಿಂದ ತಿಕ್ಕಿ, ನಡುವೆ ಸುಮಾರು 0.4 ಮಿ.ಮೀ. ಅಂತರ ಬರುವಂತೆ ಸ್ಕ್ರೂ ಬಿಗಿದರೆ ಎಷ್ಟೋ ಸಲ ಎಂಜಿನ್ ಮತ್ತೆ ಕೂಗುತ್ತದೆ. ಈ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಡ. ಟ್ರ್ಯಾಕ್ಟರ್, ಟಿಲ್ಲರ್, ಹಳೆಯ ಜೀಪುಗಳನ್ನು ಇಂದಿಗೂ ಬಿಚ್ಚಿ ಜೋಡಿಸುವ ಕೈಗಳು ಉಳಿದಿರುವುದು ಇಂಥ ಕೃಷಿ ಪಟ್ಟಣಗಳ ಗ್ಯಾರೇಜುಗಳಲ್ಲಿ. ದೊಡ್ಡ ಕಂಪನಿಯ ಷೋರೂಮಿನಲ್ಲಿ ಕಾರ್ಬುರೇಟರ್ ಬಿಚ್ಚಬಲ್ಲವರು ವಿರಳ. ಪಾಯಿಂಟ್, ಕಂಡೆನ್ಸರ್, ಫ್ಯಾನ್ ಬೆಲ್ಟ್, ಪೆಟ್ರೋಲ್ ಪೈಪು ಮಾತ್ರ ಜೊತೆಗಿರಲಿ. ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ. 20ಕ್ಕೆ ಏರಿರುವುದರಿಂದ ಪೈಪಿನ ಮಾತನ್ನು ಒತ್ತಿ ಹೇಳುತ್ತೇನೆ. ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಅದನ್ನು ತಡೆಯುವ ಹೊಸ ಪೈಪು, ವಾಷರುಗಳನ್ನು ಹೊರಡುವ ಮುನ್ನವೇ ಹಾಕಿಸಿಕೊಳ್ಳಬೇಕು.

ಹೊಗೆಯ ಆಕ್ಷೇಪ ಇದಕ್ಕಿಂತ ಗಂಭೀರ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಎಂಜಿನ್ ಕಿಲೋಮೀಟರಿಗೆ ಉಗುಳುವ ವಿಷ ಇಂದಿನ ಕಾರಿನದಕ್ಕಿಂತ ಎಷ್ಟೋ ಹೆಚ್ಚು. ದಿನವೂ ಆಫೀಸಿಗೆ ಅದರಲ್ಲೇ ಓಡಾಡುತ್ತೇನೆ ಎಂದರೆ ಒಪ್ಪಲಾಗದು. ವರ್ಷಕ್ಕೊಂದು ಎರಡು ಪ್ರವಾಸದ ಮಾತು ಬೇರೆ. ಶೆಡ್ಡಿನಲ್ಲೇ ನಿಂತ ಕಾರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಬ್ರೇಕಿನ ವೀಲ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ಸೀಲುಗಳು ಒಣಗಿ ಬಿರಿಯುತ್ತವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಂಥ ಕಡೆ ಕಾರುಗಳು ಉಳಿದಿರುವುದು ದೊಡ್ಡ ಉಪಕಾರವೇ. ಆದರೆ ಅವನ್ನು ಓಡಿಸುವ, ರಿಪೇರಿ ಮಾಡುವ ವಿದ್ಯೆ ಉಳಿಯಬೇಕಾದರೆ ಕೆಲವಾದರೂ ರಸ್ತೆಯಲ್ಲಿರಬೇಕು. ಕಾನೂನಿಗೂ ಈ ಭೇದ ಗೊತ್ತಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆ ನೋಂದಣಿಯ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಪ್ರವಾಸ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಿಕೊಂಡು, ಹೊಗೆ ತಪಾಸಣೆಯ ಚೀಟಿ, ವಿಮೆ ಸರಿಯಾಗಿಟ್ಟುಕೊಂಡಿರಬೇಕು.

ಸುರಕ್ಷತೆಯ ಪ್ರಶ್ನೆಗೆ ಪೂರ್ತಿ ಉತ್ತರವಿಲ್ಲ, ಕಡಿಮೆ ಅಪಾಯದ ದಾರಿಯಿದೆ. ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ಅಪಘಾತವಾದರೆ ಪೆಟ್ಟು ಹೆಚ್ಚು. ವೇಗ ಕಡಿಮೆಯಾದಷ್ಟೂ ಪೆಟ್ಟಿನ ತೀವ್ರತೆ ಇಳಿಯುತ್ತದೆ, ನಿಧಾನದ ರಸ್ತೆ ಆರಿಸಲು ಇದೂ ಒಂದು ಕಾರಣ. ಸೀಟ್ ಬೆಲ್ಟ್ ಹಾಕಿಸಿ, ಟೈರಿನ ಪಕ್ಕ ಬಿರುಕು ಬಿಟ್ಟಿದ್ದರೆ ಸವೆಯದಿದ್ದರೂ ಬದಲಿಸಿ. ಕತ್ತಲಾದ ಮೇಲೆ ಓಡಿಸಬೇಡಿ: ಸುಗ್ಗಿಯಲ್ಲಿ ಈ ಭಾಗದ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ, ಹಳೆಯ ಹೆಡ್‌ಲೈಟಿನ ಮಂಕು ಬೆಳಕಿಗೆ ಆ ಕಲ್ಲು ಕಾಣುವುದು ತಡ. ಸೊರಬದಿಂದ ಸಾಗರ, ಜೋಗ ದಾಟಿ ಹೊನ್ನಾವರದ ಕಡಲಿಗೆ ಇಳಿಯುವವರು ಅಷ್ಟು ಹೊತ್ತಿಗೆ ಬ್ರೇಕ್ ಆಯಿಲ್, ಲೈನಿಂಗ್ ಎರಡನ್ನೂ ನೋಡಿಸಿಕೊಂಡಿರಬೇಕು. ಘಾಟಿಯಿಡೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಎರಡನೇ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಸಿ.